ನಾಲಗೆಯ ಸಾಕ್ಷ್ಯ



ಕಳೆದ ತಿಂಗಳು ಇದೇ ಪುಟದಲ್ಲಿ ನೀಲಗಿರಿಯ ಕೂನೂರಿನ ಚಹಾ ರುಚಿಪರೀಕ್ಷಕರ ವೃತ್ತಾಂತವನ್ನು ನಿವೇದಿಸಿದ್ದೆ. ಸಾಲಾಗಿ ಇರಿಸಿದ ಬಟ್ಟಲುಗಳಿಂದ ಒಂದೊಂದು ಗುಟುಕನ್ನು ಸುರ್ರೆಂದು ಹೀರಿ, ಬಾಯಲ್ಲಾಡಿಸಿ, ಉಗುಳಿ, ಹರಾಜಿಗೆ ಬರುವ ಚಹಾದ ಬೆಲೆಯನ್ನು ಅಂದಾಜು ಮಾಡುವ ಆ ಜನರ ಕಥೆಯನ್ನೋದಿ ಕುಂಬಳೆ ಸೀಮೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಪ್ರಶ್ನೆಗಳು ಎರಡು. ನಾಲಗೆಯೊಂದನ್ನೇ ಬಂಡವಾಳವಾಗಿ ಹೂಡಿ ದೊಡ್ಡ ಹೆಸರು ಪಡೆದವರು ಬೇರೆ ಯಾರಾದರೂ ಇದ್ದಾರೆಯೆ? ಆ ನಾಲಗೆ ತಪ್ಪಿದರೆ ನಷ್ಟ ಯಾರ ಪಾಲಿಗೆ? ಮೊದಲನೆಯದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಎರಡನೆಯದು ಮಾತ್ರ ನನ್ನನ್ನು ಹದಿನೈದು ದಿನ ಕಾಡಿತು. ಕೊನೆಗೆ ಎರಡಕ್ಕೂ ಒಬ್ಬರೇ ವ್ಯಕ್ತಿಯ ಬಾಳಿನಲ್ಲಿ ಉತ್ತರ ಸಿಕ್ಕೀತೆಂದು ತೋರಿ, ಇಂಗ್ಲೆಂಡಿನ ಮೈಕೇಲ್ ಬ್ರಾಡ್‌ಬೆಂಟ್ ಎಂಬವರ ವಿಷಯವನ್ನು ಎತ್ತಿಕೊಂಡಿದ್ದೇನೆ. ಅವರು ದ್ರಾಕ್ಷಾಮದ್ಯದ ಪರೀಕ್ಷಕರು; ಅದನ್ನು ಏಲಂ ಹಾಕುತ್ತಿದ್ದವರು.

ಮದ್ಯದ ಹೆಸರು ಕೇಳಿ ಹುಬ್ಬೇರಿಸುವ ಹಿರಿಯರಿಗೆ ಮೊದಲೇ ಒಂದು ಮಾತು. ಈ ಅಂಕಣಕಾರ ಕುಡಿತದ ವಕಾಲತ್ತು ವಹಿಸಿದವನಲ್ಲ. ನನ್ನ ಅನುಭವವೆಲ್ಲ ಬಾಲ್ಯದಲ್ಲಿ ಅಜ್ಜಿ ಕಪಾಟಿನಲ್ಲಿ ಇಟ್ಟಿದ್ದ ದ್ರಾಕ್ಷಾಸವದ ಸೀಸೆಯಿಂದ ಕದ್ದು ಕುಡಿದ ಎರಡು ಚಮಚಕ್ಕೆ ಸೀಮಿತ. ದ್ರಾಕ್ಷಿ ಹುಳಿತು ಮದ್ಯವಾಗುವ ಕ್ರಿಯೆ ಎರಡರಲ್ಲಿಯೂ ಒಂದೇ ಎಂಬುದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ನಾವು ನೋಡಹೊರಟಿರುವುದು ಕುಡಿಯುವುದನ್ನಲ್ಲ, ಕಾಣದ ವಸ್ತುವಿಗೆ ಬೆಲೆ ಕಟ್ಟುವುದನ್ನು.

ಈ ಕೆಲಸದ ಮರ್ಮ ನಮ್ಮ ಅಡಿಕೆ ಬೆಳೆಗಾರರಿಗೆ ಬೇಗನೆ ಹಿಡಿಸೀತು. ಹೊಸ ಚಾಲಿಗೆ ಒಂದು ಧಾರಣೆ, ವರ್ಷ ಕಳೆದ ಸಿಂಗಲ್ ಚೋಲಿಗೆ ಇನ್ನೊಂದು, ಎರಡು ವರ್ಷ ಕಂಡ ಡಬಲ್ ಚೋಲಿಗೆ ಮತ್ತೊಂದು. ಹಳತಾದಷ್ಟೂ ಬೆಲೆ ಏರುವ ಸರಕು ಲೋಕದಲ್ಲಿ ಹೆಚ್ಚಿಲ್ಲ. ಆದರೆ ಹಳತೆಂದು ಮಾರಲು ಬಂದದ್ದು ನಿಜವಾಗಿ ಹಳತೋ ಎಂಬುದನ್ನು ಹೇಳಬೇಕಾದವರು ಯಾರು? ನನ್ನ ಸೋದರಮಾವ ಗೋಣಿಯ ತಳಕ್ಕೆ ಕೈಹಾಕಿ ಒಂದಡಿಕೆಯನ್ನು ಎತ್ತಿ, ಕತ್ತರಿಯಲ್ಲಿ ಇಬ್ಭಾಗ ಮಾಡಿ, ಒಳಗಿನ ಬಣ್ಣವನ್ನೊಮ್ಮೆ ನೋಡಿ ಅದರ ಪ್ರಾಯ ಹೇಳುತ್ತಿದ್ದರು. ಗೋಣಿಯಲ್ಲಿ ಸಾವಿರಾರು ಅಡಿಕೆಗಳಿರುವಾಗ ಒಂದನ್ನು ಕತ್ತರಿಸಿದರೆ ನಷ್ಟವೇನೂ ಇಲ್ಲ. ಗೋಣಿಯಲ್ಲಿ ಒಂದೇ ಅಡಿಕೆ ಇದ್ದರೆ ಮಾವ ಏನು ಮಾಡುತ್ತಿದ್ದರು? ಬ್ರಾಡ್‌ಬೆಂಟರ ಕಥೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಅವರು ಜನಿಸಿದ್ದು 1927ರ ಮೇ 2ರಂದು, ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರಿನಲ್ಲಿ. ವಾಸ್ತುಶಿಲ್ಪಿಯಾಗಬೇಕೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದರು. ಅದರಲ್ಲಿ ಮನಸ್ಸು ನೆಲೆಯೂರಲಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ, 1952ರಲ್ಲಿ, ಲೇಟನ್ಸ್ ಎಂಬ ವೈನ್ ವ್ಯಾಪಾರದ ಮಳಿಗೆಯಲ್ಲಿ ಅಭ್ಯಾಸಿಯಾಗಿ ಸೇರಿದರು. ಇಂದಿನ ತಾಯ್ತಂದೆಯರಾದರೆ ಎದೆ ಬಡಿದುಕೊಂಡಾರು: ವಾಸ್ತುಶಿಲ್ಪದ ಓದನ್ನು ಬಿಟ್ಟ ಮಗ ಹೆಂಡದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಒಂದು ಅಭ್ಯಾಸವನ್ನು ಆರಂಭಿಸಿದರು. ತಾನು ಸವಿದ ಪ್ರತಿಯೊಂದು ವೈನಿನ ಹೆಸರು, ದ್ರಾಕ್ಷಿ ಕೊಯ್ದ ವರ್ಷ, ಬಣ್ಣ, ಗಂಧ, ರುಚಿ ಇವನ್ನು ಒಂದು ಪುಟ್ಟ ಕೆಂಪು ಪುಸ್ತಕದಲ್ಲಿ ಅಲ್ಲಿಂದಲ್ಲಿಗೆ ಬರೆದಿಡುವುದು. ಈ ಅಭ್ಯಾಸ ಅರುವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಪುಸ್ತಕಗಳು ನೂರನ್ನು ದಾಟಿದವು. ಟಿಪ್ಪಣಿಗಳು 80,000ವನ್ನು ಮೀರಿದವು. ಅವರ ಪತ್ನಿ ಡಾಫ್ನಿ ಆ ಟಿಪ್ಪಣಿಗಳನ್ನು ಬೆರಳಚ್ಚು ಮಾಡಿ ಒಪ್ಪವಾಗಿ ಇರಿಸುತ್ತಿದ್ದರು. ಗಂಡನ ನಾಲಗೆಗೆ ಲೋಕದಲ್ಲಿ ಬಂದ ಬೆಲೆಯಲ್ಲಿ ಆಕೆಯ ಬೆರಳುಗಳ ಪಾಲು ಎಷ್ಟೆಂಬುದನ್ನು ನಮ್ಮ ಸೋದರಿಯರು ಊಹಿಸಬಲ್ಲರು.

ಲೇಟನ್ಸ್‌ನಿಂದ ಬೇರೊಂದು ಅಂಗಡಿಗೆ, ಅಲ್ಲಿಂದ 1955ರಲ್ಲಿ ಬ್ರಿಸ್ಟಲ್ ನಗರದ ಹಾರ್ವೀಸ್ ಎಂಬ ಹಳೆಯ ಸಂಸ್ಥೆಗೆ. ಹಾರ್ವೀಸ್‌ನಲ್ಲಿ ಅವರಿಗೆ ಗುರುಸ್ಥಾನದಲ್ಲಿದ್ದವರು ಹ್ಯಾರಿ ವಾ ಎಂಬ ಪ್ರಸಿದ್ಧ ಪಾರಖಿ. ಈ ವಾ ಅವರ ಕುರಿತು ವೈನ್ ಜಗತ್ತಿನಲ್ಲಿ ಒಂದು ಪ್ರಸಂಗ ಪ್ರಚಲಿತವಾಗಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ವೈನನ್ನು ಬರ್ಗಂಡಿ ಪ್ರಾಂತದ್ದೆಂದು ತಪ್ಪಾಗಿ ಗ್ರಹಿಸಿದ್ದುಂಟೆ ಎಂದು ಯಾರೋ ಕೇಳಿದರಂತೆ. ಇವತ್ತು ಮಧ್ಯಾಹ್ನದ ಊಟದ ಮೇಲೆ ಇನ್ನೂ ಇಲ್ಲ ಎಂದು ವಾ ಉತ್ತರಿಸಿದರಂತೆ. ಎರಡೂ ಬೇರೆ ಬೇರೆ ಜಾತಿಯ ದ್ರಾಕ್ಷಿ, ಬೇರೆ ಮಣ್ಣು, ಬೇರೆ ಗುಣ. ಅಂಥ ವ್ಯತ್ಯಾಸದಲ್ಲಿಯೂ ಮಹಾಪಂಡಿತನ ನಾಲಗೆ ದಿನಕ್ಕೊಮ್ಮೆ ಎಡವುತ್ತದೆ ಎಂದು ನಗುತ್ತ ಒಪ್ಪಿಕೊಂಡ ಆ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

1960ರಲ್ಲಿ ಬ್ರಾಡ್‌ಬೆಂಟರು 'ಮಾಸ್ಟರ್ ಆಫ್ ವೈನ್' ಎಂಬ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಈ ಪರೀಕ್ಷೆ ಲಂಡನ್ನಿನಲ್ಲಿ 1953ರಲ್ಲಿ ಆರಂಭವಾಯಿತು. ಆ ಮೊದಲ ವರ್ಷ ಕುಳಿತವರು 21 ಮಂದಿ, ತೇರ್ಗಡೆಯಾದವರು 6 ಮಂದಿ. ಬರವಣಿಗೆಯ ಪ್ರಶ್ನೆಪತ್ರಿಕೆಗಳಲ್ಲದೆ, ಹೆಸರುಪಟ್ಟಿ ತೋರಿಸದೆ ಸುರಿದಿಟ್ಟ ವೈನುಗಳನ್ನು ಸವಿದು ಊರು, ಜಾತಿ, ಪ್ರಾಯ ಹೇಳುವ ಪ್ರತ್ಯಕ್ಷ ಪರೀಕ್ಷೆಯೂ ಇದರಲ್ಲುಂಟು.

ಈಗ ಹರಾಜಿನ ಮನೆಗೆ ಬರೋಣ. ಜೇಮ್ಸ್ ಕ್ರಿಸ್ಟಿ ಎಂಬಾತ ಲಂಡನ್ನಿನಲ್ಲಿ ತನ್ನ ಮೊದಲ ಏಲಂ ನಡೆಸಿದ್ದು 1766ರ ಡಿಸೆಂಬರ್ 5ರಂದು. ಆ ಯಾದಿಯಲ್ಲಿ ಮನೆಯ ಪೀಠೋಪಕರಣಗಳ ಜೊತೆಗೆ ಬೋರ್ಡೋ ಮತ್ತು ಮದೀರಾ ವೈನುಗಳೂ ಇದ್ದವು. (ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದ ಈ ವೈನಿನ ಪೀಪಾಯಿಗಳು ನಮ್ಮ ದೇಶದ ಕಡೆಗೆ ಬರುವ ಹಡಗುಗಳಲ್ಲಿ ಬಿಸಿಲಿಗೆ ಕುದಿದು ಕೆಡುವ ಬದಲು ಇನ್ನಷ್ಟು ರುಚಿಯಾದವೆಂದು ಕಂಡುಕೊಂಡ ವರ್ತಕರು, ಬರಿಯ ಪಾಕಕ್ಕಾಗಿ ಅವನ್ನು ಸಮಭಾಜಕ ದಾಟಿಸಿ ಮರಳಿ ಕೊಂಡೊಯ್ಯುತ್ತಿದ್ದರು.) ಕ್ರಿಸ್ಟೀಸ್ ಸಂಸ್ಥೆ ಮುಂದೆ ಚಿತ್ರ, ಆಭರಣ, ಪಿಂಗಾಣಿಗಳ ಏಲಂನಿಂದ ವಿಶ್ವವಿಖ್ಯಾತವಾಯಿತು. ವೈನ್ ಮಾರಾಟವೂ ನಡೆದೇ ಇತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದು ನಿಂತುಹೋಯಿತು. 1941ರ ಬಾಂಬಿನ ದಾಳಿಯಲ್ಲಿ ಕಿಂಗ್ ಸ್ಟ್ರೀಟಿನ ಕಟ್ಟಡವೂ ಹಾಳಾಯಿತು. ಯುದ್ಧ ಮುಗಿದು ಇಪ್ಪತ್ತು ವರ್ಷವಾದರೂ ವೈನಿನ ಏಲಂ ಪುನಃ ತಲೆಯೆತ್ತಲಿಲ್ಲ.

1966ರಲ್ಲಿ ಕ್ರಿಸ್ಟೀಸ್ ಆ ವಿಭಾಗಕ್ಕೆ ಪುನರ್ಜೀವ ಕೊಡಬೇಕೆಂದು ನಿಶ್ಚಯಿಸಿತು. ಹಾರ್ವೀಸ್‌ನಲ್ಲಿ ಎತ್ತರದ ಹುದ್ದೆಯಲ್ಲಿದ್ದ ಬ್ರಾಡ್‌ಬೆಂಟರು ಅದನ್ನು ಬಿಟ್ಟು ಇಲ್ಲಿಗೆ ಬಂದರು. ಆಗ ಅವರಿಗೆ 39 ವರ್ಷ. ಆ ವರ್ಷದ ಅಕ್ಟೋಬರ್ 11ರಂದು ಮೊದಲ ಮಾರಾಟ ನಡೆಯಿತು. ಅಲ್ಲಿಂದ 1992ರವರೆಗೆ ವಿಭಾಗದ ಯಜಮಾನಿಕೆ ಅವರದೇ.

ಮಾರಲು ಸರಕು ಎಲ್ಲಿಂದ ಬರಬೇಕು? ಅಂದಿನ ಬ್ರಿಟನ್ನಿನ ಸ್ಥಿತಿಯೇ ಅದಕ್ಕೆ ಅನುಕೂಲವಾಗಿತ್ತು. ಯುದ್ಧಾನಂತರ ದೊಡ್ಡಮನೆಗಳು ಕುಸಿಯತೊಡಗಿದ್ದವು. ಯಜಮಾನ ತೀರಿಕೊಂಡರೆ ಆಸ್ತಿಯ ಮೇಲೆ ಭಾರೀ ಮರಣಶುಲ್ಕ; ಆಳುಕಾಳುಗಳಿಲ್ಲ; ಮಾಡು ಸೋರುತ್ತದೆ. ಆದರೆ ಕೆಳಗಿನ ಕತ್ತಲೆಯ ನೆಲಮಾಳಿಗೆಯಲ್ಲಿ ಅಜ್ಜನೋ ಮುತ್ತಜ್ಜನೋ ಕೊಂಡು ಪೇರಿಸಿದ ಸೀಸೆಗಳು ಜೇಡರಬಲೆಯ ನಡುವೆ ಹಾಗೆಯೇ ಮಲಗಿದ್ದವು. ಕೆಲವು ಮನೆಯವರಿಗೆ ಅವುಗಳ ಬೆಲೆಯೇ ತಿಳಿದಿರಲಿಲ್ಲ. ಬ್ರಾಡ್‌ಬೆಂಟರು ಇಂಥ ಮನೆಗಳಿಗೆ ಹೋಗುವರು, ನೆಲಮಾಳಿಗೆಗೆ ಇಳಿಯುವರು, ಧೂಳು ಒರೆಸಿ ಲೆಕ್ಕ ಬರೆಯುವರು. ನಮ್ಮ ಕಡೆ ಪಾಲುಪಟ್ಟಿಯಾಗುವಾಗ ಅಟ್ಟದ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಇಳಿಸಿ ಲೆಕ್ಕ ಹಾಕುವ ದೃಶ್ಯವನ್ನು ಕಂಡವರಿಗೆ ಇದರ ಹಿಂದಿನ ಮೌನವಾದ ಸಂಕಟ ಅರ್ಥವಾದೀತು.

1967ರ ಮೇ ತಿಂಗಳಲ್ಲಿ ರೋಸ್‌ಬೆರಿ ಮನೆತನದ ನೆಲಮಾಳಿಗೆಯ ಸಂಗ್ರಹ ಏಲಂಗೆ ಬಂತು. ಅದರಲ್ಲಿ ಫಿಲಾಕ್ಸೆರಾ ಪೂರ್ವದ ಬೋರ್ಡೋಗಳಿದ್ದವು. ಫಿಲಾಕ್ಸೆರಾ ಎಂದರೆ ದ್ರಾಕ್ಷಿಯ ಬೇರನ್ನು ತಿನ್ನುವ ಒಂದು ಸೂಕ್ಷ್ಮ ಹೇನು. 1860ರ ದಶಕದಲ್ಲಿ ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿತೋಟಗಳನ್ನು ಅದು ಬಯಲು ಮಾಡಿತು. ಹಳದಿ ರೋಗ ಬಡಿದ ಅಡಿಕೆ ತೋಟವನ್ನು ಕಂಡ ಕಣ್ಣಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಗಟ್ಟಿ ಬೇರಿಗೆ ತಮ್ಮ ಕುಡಿಯನ್ನು ಕಸಿಮಾಡಿ ಅವರು ಉಳಿದುಕೊಂಡರು. ಆದ್ದರಿಂದಲೇ ಹೇನು ಬರುವುದಕ್ಕೆ ಮೊದಲಿನ ಸೀಸೆಗಳೆಂದರೆ ಕಳೆದುಹೋದ ಕಾಲದ ಅವಶೇಷಗಳಂತೆ ಅಮೂಲ್ಯವಾದವು.

ಇನ್ನೊಂದು ಪ್ರಸಂಗ ಸ್ಕಾಟ್‌ಲೆಂಡಿನ ಗ್ಲಾಮಿಸ್ ಕೋಟೆಯದು; ಎರಡನೆಯ ಎಲಿಜಬೆತ್ ರಾಣಿಯ ತಾಯಿಯ ತವರುಮನೆ ಅದು. ಅಲ್ಲಿನ ಅರ್ಲ್ ಒಬ್ಬರು 1870ರ ಶಾತೋ ಲಾಫೀತ್ ವೈನನ್ನು ಮ್ಯಾಗ್ನಮ್ ಎಂಬ ಇಮ್ಮಡಿ ಗಾತ್ರದ ಸೀಸೆಗಳಲ್ಲಿ ತರಿಸಿದ್ದರು. ಸವಿದು ನೋಡಿದರೆ ಸಹಿಸಲಾರದ ಒಗರು. ಎಳೆಯ ನೆಲ್ಲಿಕಾಯಿಯಂತೆ ನಾಲಗೆ ಒತ್ತಿಕೊಂಡುಬಂತು. ಅದನ್ನು ಹಾಗೆಯೇ ಬದಿಗಿರಿಸಿಬಿಟ್ಟರು. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುವ ಈ ಒಗರೇ ವೈನನ್ನು ಕೆಡದಂತೆ ಕಾಯುವ ಕಾವಲುಗಾರ. ಕಾಲ ಕಳೆದಂತೆ ಅದು ತಾನಾಗಿ ಮೃದುವಾಗುತ್ತದೆ. 1971ರಲ್ಲಿ ಬ್ರಾಡ್‌ಬೆಂಟರ ಕೈಗೆ ಅದು ಬಂದಾಗ ನಲವತ್ತಕ್ಕೂ ಹೆಚ್ಚು ಮ್ಯಾಗ್ನಮ್ಮುಗಳು ಉಳಿದಿದ್ದವು. ನೂರು ವರ್ಷ ಮಲಗಿದ ವೈನು ಬದುಕಿದೆಯೋ ಸತ್ತಿದೆಯೋ? ಮಾರುವ ಮೊದಲು ಒಂದನ್ನು ತೆರೆದು ನೋಡಿದರು. ಅದ್ಭುತವಾಗಿತ್ತು. ಅವರು ಬದುಕಿನುದ್ದಕ್ಕೂ ನೆನೆಸಿಕೊಳ್ಳುತ್ತಿದ್ದ ವೈನುಗಳಲ್ಲಿ ಅದೂ ಒಂದಾಯಿತು. ಗೋಣಿಯಿಂದ ಒಂದಡಿಕೆ ಎತ್ತಿ ಕತ್ತರಿಸುವ ನನ್ನ ಮಾವನ ಕ್ರಮವೇ ಇದು.

ತೆರೆಯಲಾಗದ ಸೀಸೆಗೆ ಹೊರಲಕ್ಷಣಗಳೇ ಗತಿ. ಬಿರಡೆಯ ಮೂಲಕ ದಶಕಗಳಲ್ಲಿ ವೈನು ಹನಿಹನಿಯಾಗಿ ಆವಿಯಾಗುತ್ತದೆ, ಒಳಗೆ ಗಾಳಿ ಸೇರುತ್ತದೆ, ಗಾಳಿ ಸೇರಿದಷ್ಟೂ ಹುಳಿಯಾಗುವ ಅಪಾಯ. ಬೋರ್ಡೋ ಸೀಸೆಗೆ ಮನುಷ್ಯನಂತೆ ಕುತ್ತಿಗೆಯೂ ಭುಜವೂ ಇರುತ್ತವೆ. ದ್ರವದ ಮಟ್ಟ ಕುತ್ತಿಗೆಯಲ್ಲಿದ್ದರೆ ಉತ್ತಮ, ಭುಜದ ಮೇಲ್ಭಾಗದಲ್ಲಿದ್ದರೆ ಹಳೆಯ ವೈನಿಗೆ ಸ್ವಾಭಾವಿಕ, ಭುಜದ ನಡುವಿಗೆ ಇಳಿದಿದ್ದರೆ ಸಂಶಯ, ಅದಕ್ಕೂ ಕೆಳಗೆ ಹೋಗಿದ್ದರೆ ಕೊಳ್ಳುವವನ ಧೈರ್ಯ. ಈ ಮಟ್ಟಗಳನ್ನು ಹರಾಜಿನ ಯಾದಿಯಲ್ಲಿ ಕ್ರಮವಾಗಿ ನಮೂದಿಸುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಬ್ರಾಡ್‌ಬೆಂಟರು ಪ್ರಮುಖರು. ದೂರದೇಶದಲ್ಲಿ ಕುಳಿತು ಸೀಸೆಯನ್ನೇ ಕಾಣದೆ ಸವಾಲು ಕಳುಹಿಸುವವನಿಗೆ ಆ ಒಂದು ಸಾಲಿನ ಬರಹವೇ ಕಣ್ಣು. ಯಾರ ನೆಲಮಾಳಿಗೆಯಿಂದ ಬಂತು, ಎಷ್ಟು ಸಲ ಸ್ಥಳ ಬದಲಿಸಿತು ಎಂಬ ವಂಶಾವಳಿಯೂ ಅಷ್ಟೇ ಮುಖ್ಯ. ಗ್ಲಾಮಿಸ್‌ನ ಸೀಸೆಗೆ ಕೋಟೆಯೇ ಜಾಮೀನು.

ಸಂಜೆಯ ಉಡುಪಿನ ಶ್ರೀಮಂತರ ವಿಲಾಸವನ್ನಾಗಿ ಇದನ್ನು ಕಲ್ಪಿಸಿಕೊಳ್ಳಬೇಡಿ. ಏಲಂಗಾರ ವೇದಿಕೆಯ ಮೇಲೆ ನಿಂತು ಒಂದರ ಮೇಲೊಂದು ಲಾಟು ಮುಗಿಸುತ್ತ ಹೋಗುತ್ತಾನೆ. ಮಾರುವವನು ಹೇಳಿದ ಕನಿಷ್ಠ ಬೆಲೆ ಅವನಿಗೆ ಮಾತ್ರ ಗೊತ್ತು. ಕೋಣೆಯ ಸವಾಲು, ಕಾಗದದಲ್ಲಿ ಬಂದ ಸವಾಲು ಎರಡನ್ನೂ ಮನಸ್ಸಿನಲ್ಲಿ ತೂಗುತ್ತ ಸುತ್ತಿಗೆ ಎತ್ತಬೇಕು. ಬ್ರಾಡ್‌ಬೆಂಟರು ಈ ವಿದ್ಯೆಯಲ್ಲಿಯೂ ನಿಷ್ಣಾತರಾಗಿ, 1969ರಿಂದ ಕೆಲವು ವರ್ಷ ಅಮೆರಿಕದಲ್ಲಿ ಹ್ಯೂಬ್ಲೈನ್ ಎಂಬ ಸಂಸ್ಥೆಯವರು ನಡೆಸುತ್ತಿದ್ದ ದೊಡ್ಡ ಏಲಂಗಳಲ್ಲಿಯೂ ಸುತ್ತಿಗೆ ಹಿಡಿದರು. ಲಂಡನ್ನಿನ ಇನ್ನೊಂದು ಹರಾಜಿನ ಮನೆಯಾದ ಸದಬೀಸ್ 1970ರಲ್ಲಿ ತಾನೂ ವೈನಿನ ವಿಭಾಗ ತೆರೆಯಿತು. ಏಲಂಗಾರ ಕಾಯಿದೆಯ ದೃಷ್ಟಿಯಲ್ಲಿ ಮಾರುವವನ ಪ್ರತಿನಿಧಿ. ಆದರೆ 1975ರಿಂದ ಈ ಮನೆಗಳು ಕೊಳ್ಳುವವನಿಂದಲೂ ಬೆಲೆಯ ಮೇಲೆ ಒಂದಂಶ ಪಡೆಯತೊಡಗಿದವು. ಎರಡು ಕೈಯಿಂದಲೂ ಉಣ್ಣುವವನು ಇಬ್ಬರಿಗೂ ಸತ್ಯ ಹೇಳಬೇಕಾದ ಕಷ್ಟ ಇಲ್ಲಿಂದ ಇಮ್ಮಡಿಯಾಯಿತೆಂದು ನನ್ನ ಎಣಿಕೆ.

ಅವರ ರುಚಿಪರೀಕ್ಷೆಯ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅದು ಚಹಾಕ್ಕೂ ಜೇನಿಗೂ ಹೊಂದುತ್ತದೆ. ಮೊದಲು ಕಣ್ಣು: ಗಾಜಿನ ಲೋಟವನ್ನು ಬಿಳಿಯ ಹಿನ್ನೆಲೆಗೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡುವುದು, ಕೆಂಪು ವೈನು ಮುದಿಯಾದಂತೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಳಿಕ ಮೂಗು. ಕೊನೆಗೆ ನಾಲಗೆ. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿರಿಸಿ, ಸುರಿದ ಕ್ಷಣದಿಂದ ಎಷ್ಟು ನಿಮಿಷಕ್ಕೆ ಗಂಧ ಹೇಗೆ ಅರಳಿತು, ಯಾವಾಗ ಬಾಡಿತು ಎಂಬುದನ್ನು ಗುರುತಿಸುತ್ತಿದ್ದರು. ಹಳೆಯ ವೈನು ಗಾಳಿ ಸೋಕಿದ ಅರ್ಧ ಗಂಟೆಯಲ್ಲಿ ಪ್ರಾಣ ಬಿಡುವುದೂ ಉಂಟು. 1968ರಲ್ಲಿ ಈ ವಿದ್ಯೆಯನ್ನು ಕುರಿತು ಅವರು ಬರೆದ ಚಿಕ್ಕ ಕೈಪಿಡಿ ಅನೇಕ ಭಾಷೆಗಳಿಗೆ ಹೋಯಿತು; 1980ರಲ್ಲಿ ತಮ್ಮ ಕೆಂಪು ಪುಸ್ತಕಗಳನ್ನು ಸೋಸಿ ಒಂದು ಬೃಹತ್ ಗ್ರಂಥವನ್ನು ಹೊರತಂದರು. ಲಂಡನ್ನಿನ 'ಡಿಕ್ಯಾಂಟರ್' ಮಾಸಿಕದಲ್ಲಿ ನಾನ್ನೂರಕ್ಕೂ ಮಿಕ್ಕಿ ಅಂಕಣಗಳನ್ನು ಒಂದು ತಿಂಗಳೂ ತಪ್ಪಿಸದೆ ಬರೆದರು. ಸಂಪಾದಕರಿಂದ ಮೂರು ಸಲ ಜ್ಞಾಪನಪತ್ರ ಬಂದ ಮೇಲೆ ಲೇಖನಿ ಎತ್ತುವ ಈ ಅಂಕಣಕಾರನಿಗೆ ಇದೊಂದೇ ಸಾಕು ತಲೆ ತಗ್ಗಿಸಲು.

ಇನ್ನು ಆ ಒಂಟಿ ಸೀಸೆಯ ವಿಷಯ.

1985ರಲ್ಲಿ ಹಾರ್ಡಿ ರೋಡೆನ್‌ಸ್ಟಾಕ್ ಎಂಬ ಜರ್ಮನ್ ಸಂಗ್ರಾಹಕ ಒಂದು ಸುದ್ದಿ ತಂದ. ಪ್ಯಾರಿಸ್ ನಗರದ ಒಂದು ಹಳೆಯ ಮನೆಯಲ್ಲಿ, ಇಟ್ಟಿಗೆಯಿಂದ ಮುಚ್ಚಿಹೋಗಿದ್ದ ನೆಲಮಾಳಿಗೆಯಲ್ಲಿ ಹದಿನೆಂಟನೆಯ ಶತಮಾನದ ವೈನ್ ಸೀಸೆಗಳು ಸಿಕ್ಕಿವೆ. ಅವುಗಳ ಗಾಜಿನ ಮೇಲೆ ವರ್ಷ, ತೋಟದ ಹೆಸರು ಹಾಗೂ 'ಟಿಎಚ್. ಜೆ.' ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೊರೆಯಲಾಗಿದೆ. ಅಮೆರಿಕದ ಮೂರನೆಯ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅದಕ್ಕೆ ಮೊದಲು ತಮ್ಮ ದೇಶದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದರು, 1787ರಲ್ಲಿ ಬೋರ್ಡೋಗೆ ಹೋಗಿದ್ದರು, ವೈನಿನ ಮಹಾರಸಿಕರಾಗಿದ್ದರು. ಕಥೆ ಸೊಗಸಾಗಿ ಕೂಡಿಕೊಂಡಿತು. ಆದರೆ ಆ ಮನೆ ಯಾವುದು, ಸೀಸೆಗಳು ಒಟ್ಟು ಎಷ್ಟು ಎಂಬುದನ್ನು ರೋಡೆನ್‌ಸ್ಟಾಕ್ ಹೇಳಲೊಪ್ಪಲಿಲ್ಲ.

1787ರ ಲಾಫೀತ್ ಎಂದು ಕೊರೆದಿದ್ದ ಒಂದು ಸೀಸೆ ಬ್ರಾಡ್‌ಬೆಂಟರ ಬಳಿಗೆ ಬಂತು. ಅವರು ತಮ್ಮ ಸಂಸ್ಥೆಯ ಗಾಜಿನ ತಜ್ಞರಿಗೆ ತೋರಿಸಿದರು. ಸೀಸೆಯೂ ಕೆತ್ತನೆಯೂ ಆ ಕಾಲಕ್ಕೆ ಒಪ್ಪುತ್ತವೆಂದು ಅವರು ಹೇಳಿದರು. ಮಾಂಟಿಚೆಲ್ಲೊದ ಜೆಫರ್ಸನ್ ಸ್ಮಾರಕಭವನದ ಸಂಶೋಧಕರು ಮಾತ್ರ ಸಂಶಯಪಟ್ಟರು. ಜೆಫರ್ಸನ್ ಪೈಸೆ ಪೈಸೆಯ ಲೆಕ್ಕ ಬರೆದಿಡುತ್ತಿದ್ದವರು. ಅವರ ಕಡತಗಳಲ್ಲಿ ಈ ವೈನಿನ ಜಾಡೇ ಇಲ್ಲ. ಒಬ್ಬರು ಲೆಕ್ಕಪುಸ್ತಕವನ್ನು ನಂಬಿದರು, ಇನ್ನೊಬ್ಬರು ಕಣ್ಣಮುಂದಿನ ವಸ್ತುವನ್ನು. 1985ರ ಡಿಸೆಂಬರ್ 5ರಂದು, ಜೇಮ್ಸ್ ಕ್ರಿಸ್ಟಿಯ ಮೊದಲ ಮಾರಾಟದ ದಿನದಂದೇ, ಬ್ರಾಡ್‌ಬೆಂಟರು ಆ ಸೀಸೆಯನ್ನು ಏಲಂ ಹಾಕಿದರು. ಅಮೆರಿಕದ ಫೋರ್ಬ್ಸ್ ಮನೆತನದ ಕ್ರಿಸ್ಟೊಫರ್ ಫೋರ್ಬ್ಸ್ ಎರಡು ನಿಮಿಷಗಳೊಳಗೆ 1,05,000 ಪೌಂಡಿಗೆ ಅದನ್ನು ಗೆದ್ದರು. ಅಂದಿನ ಲೆಕ್ಕದಲ್ಲಿ ಹದಿನೈದು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ಒಂದು ಸೀಸೆ ವೈನಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ನ್ಯೂಯಾರ್ಕಿನಲ್ಲಿ ಅದನ್ನು ದೀಪದ ಬೆಳಕಿನಲ್ಲಿ ಪ್ರದರ್ಶನಕ್ಕಿಟ್ಟರು. ದೀಪದ ಕಾವಿಗೆ ಬಿರಡೆ ಒಣಗಿ ಕುಗ್ಗಿ ಒಳಗೆ ಬಿದ್ದುಬಿಟ್ಟಿತು.

ಅದೇ ಗುಂಪಿನ ಬೇರೆ ಸೀಸೆಗಳನ್ನು ರೋಡೆನ್‌ಸ್ಟಾಕ್ ತನ್ನ ಭಾರೀ ಔತಣಗಳಲ್ಲಿ ತೆರೆದ. ಬ್ರಾಡ್‌ಬೆಂಟರೂ ಅತಿಥಿಯಾಗಿದ್ದು ಸವಿದರು, ನೈಜವೆಂದೇ ಬರೆದರು. ಇಲ್ಲಿ ನನಗೊಂದು ಶಂಕೆ ಮೂಡುತ್ತದೆ. ಇನ್ನೂರು ವರ್ಷದ ವೈನಿನ ರುಚಿ ಹೇಗಿರಬೇಕೆಂದು ಬಲ್ಲವರು ಯಾರು? ಮೂವತ್ತು ವರ್ಷದ್ದನ್ನು ಸಾವಿರ ಸಲ ಸವಿದವನ ನಾಲಗೆಗೆ ಅಳತೆಗೋಲು ಉಂಟು. ಅಷ್ಟು ಹಳೆಯದನ್ನು ಜೀವಮಾನದಲ್ಲಿ ಹಲವು ಸಲ ಕಂಡವರೇ ಇಲ್ಲ. ಅಂಥ ಸೀಸೆಗಳಲ್ಲಿ ಬಹಳಷ್ಟನ್ನು ತಂದು ಸುರಿದವನೂ ಒಬ್ಬನೇ ಎಂದಾದರೆ, ನಾಲಗೆಗೆ ಪಾಠ ಹೇಳಿದವನೂ ಪರೀಕ್ಷೆಗೆ ಕುಳಿತವನೂ ಒಬ್ಬನೇ ಆದಂತಾಗಲಿಲ್ಲವೆ? ಹ್ಯಾರಿ ವಾ ಅವರ ಮಧ್ಯಾಹ್ನದ ಊಟದ ಮಾತು ನೆನಪಾಗುವುದು ಇಂಥಲ್ಲಿ.

1990ರ ದಶಕದ ಆರಂಭದಲ್ಲಿ ಜರ್ಮನಿಯ ಸಂಗ್ರಾಹಕನೊಬ್ಬ ತನ್ನ ಸೀಸೆಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಬಳಿಕ ವ್ಯಾಜ್ಯ ಹೂಡಿ, ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು. ದೊಡ್ಡ ಬಿರುಗಾಳಿ ಎದ್ದದ್ದು 2005ರಲ್ಲಿ. ವಿಲಿಯಂ ಕೋಕ್ ಎಂಬ ಅಮೆರಿಕದ ಕೋಟ್ಯಧೀಶರು ಜೆಫರ್ಸನ್ ಸೀಸೆಗಳೆಂದು ನಾಲ್ಕನ್ನು ಸುಮಾರು ಐದು ಲಕ್ಷ ಡಾಲರಿಗೆ ಕೊಂಡಿದ್ದರು. ಬಾಸ್ಟನ್ನಿನ ಕಲಾಸಂಗ್ರಹಾಲಯ ಅವುಗಳನ್ನು ಪ್ರದರ್ಶಿಸಲು ಹೊರಟು ವಂಶಾವಳಿ ಕೇಳಿತು. ವಂಶಾವಳಿ ಇರಲಿಲ್ಲ. ಕೋಕ್ ಪತ್ತೇದಾರರನ್ನು ನೇಮಿಸಿದರು. ಫ್ರಾನ್ಸಿನ ಭೌತವಿಜ್ಞಾನಿಯೊಬ್ಬರು ಬಿರಡೆ ಬಿಚ್ಚದೆಯೇ ಸೀಸೆಯನ್ನು ಪರೀಕ್ಷಿಸಿದರು. 1945ರಿಂದೀಚೆಗೆ ಅಣುಬಾಂಬುಗಳ ಸ್ಫೋಟದಿಂದ ಸೀಸಿಯಂ-137 ಎಂಬ ವಿಕಿರಣ ವಸ್ತು ವಾಯುಮಂಡಲದಲ್ಲಿ ಹರಡಿದೆ. ಅನಂತರ ಬೆಳೆದ ದ್ರಾಕ್ಷಿಯಲ್ಲಿ ಅದರ ಕುರುಹು ಇರುತ್ತದೆ. ಕೋಕ್‌ರ ಸೀಸೆಯಲ್ಲಿ ಅದು ಕಾಣಲಿಲ್ಲ. ಎಂದರೆ ವೈನು 1945ಕ್ಕಿಂತ ಹಿಂದಿನದು, ಅಷ್ಟೆ. 1787ರದ್ದೋ 1930ರದ್ದೋ ಹೇಳಲಾಗದು. ಗಾಜು ಮತ್ತು ಕೆತ್ತನೆಯ ತಜ್ಞರು ಅಕ್ಷರಗಳನ್ನು ಸೂಕ್ಷ್ಮವಾಗಿ ನೋಡಿದರು. ಅವು ವಿದ್ಯುತ್ತಿನಿಂದ ತಿರುಗುವ ಉಪಕರಣದಿಂದ ಕೊರೆದವುಗಳೆಂದು ಅವರ ಅಭಿಪ್ರಾಯ ಬಂತು. ಜೆಫರ್ಸನ್ ಕಾಲದಲ್ಲಿ ವಿದ್ಯುತ್ ಉಪಕರಣವೆಲ್ಲಿ?

ಕೋಕ್ 2006ರಲ್ಲಿ ರೋಡೆನ್‌ಸ್ಟಾಕ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದರು. ಆ ನ್ಯಾಯಾಲಯಕ್ಕೆ ತನ್ನ ಮೇಲೆ ಅಧಿಕಾರವಿಲ್ಲವೆಂದು ಆತ ಹಾಜರಾಗಲಿಲ್ಲ. ತನ್ನ ಸೀಸೆಗಳು ನೈಜವೆಂದೇ ಹೇಳುತ್ತ 2018ರಲ್ಲಿ ತೀರಿಕೊಂಡ. ಕ್ರಿಸ್ಟೀಸ್ ಮೇಲೆಯೂ ಕೋಕ್ ದಾವೆ ಹಾಕಿದರು. ಕಾಲಮಿತಿ ಮೀರಿದೆಯೆಂದು ಅದು ವಜಾ ಆಯಿತು. 2012ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕುಂಬಳೆಯ ಸೋದರಿ ಕೇಳಿದ ನಷ್ಟದ ಪ್ರಶ್ನೆಗೆ ಕಾಯಿದೆ ಕೊಟ್ಟ ಉತ್ತರ ಇದು.

ಕಾಯಿದೆಯ ಆಚೆಗೂ ಒಂದು ನಷ್ಟವಿದೆ. 2008ರಲ್ಲಿ ಬೆಂಜಮಿನ್ ವಾಲೇಸ್ ಎಂಬ ಅಮೆರಿಕದ ಲೇಖಕ ಈ ಪ್ರಕರಣವನ್ನು ಕುರಿತು ಪುಸ್ತಕ ಪ್ರಕಟಿಸಿದರು. ಅದರಿಂದ ತಮ್ಮ ಪ್ರಾಮಾಣಿಕತೆಗೆ ಕಳಂಕ ಬಂತೆಂದು ಎಂಬತ್ತು ದಾಟಿದ ಬ್ರಾಡ್‌ಬೆಂಟರು ಲಂಡನ್ನಿನಲ್ಲಿ ಪ್ರಕಾಶಕರ ಮೇಲೆ ಮಾನಹಾನಿಯ ಮೊಕದ್ದಮೆ ಹೂಡಿದರು. 2009ರ ಅಕ್ಟೋಬರಿನಲ್ಲಿ ಪ್ರಕಾಶಕರು ಆಪಾದನೆಗಳು ಸತ್ಯವಲ್ಲವೆಂದು ಒಪ್ಪಿ ಕ್ಷಮೆ ಯಾಚಿಸಿದರು, ಪರಿಹಾರ ಕೊಟ್ಟರು, ಬ್ರಿಟನ್ನಿನಲ್ಲಿ ಪುಸ್ತಕ ಮಾರುವುದಿಲ್ಲವೆಂದರು. ಬ್ರಾಡ್‌ಬೆಂಟರು ಮೋಸಗಾರರಲ್ಲ ಎಂಬುದು ಹೀಗೆ ಬಹಿರಂಗವಾಗಿ ದಾಖಲಾಯಿತು. ಸೀಸೆ ನೈಜವೇ ಎಂಬ ಪ್ರಶ್ನೆಗೆ ಆ ರಾಜಿಯಲ್ಲಿ ಉತ್ತರವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಮುಂದೆ ಅವರ ಹೆಸರು ಬಂದಲ್ಲೆಲ್ಲ ಆ ಸೀಸೆಯ ಮಾತೂ ಬಂತು. ಇಪ್ಪತ್ತಾರು ವರ್ಷ ನೆಲಮಾಳಿಗೆಗಳ ಧೂಳು ಒರೆಸಿ, ಲಕ್ಷಾಂತರ ಸೀಸೆಗಳ ಮೇಲೆ ಜನ ನಂಬುವ ಒಂದೊಂದು ಸಾಲು ಬರೆದವರ ಕುರಿತು ನಾನು ಕೂಡ ಇಲ್ಲಿ ಒಂದೇ ಸೀಸೆಗೆ ಎಷ್ಟು ಜಾಗ ಕೊಟ್ಟೆ ನೋಡಿ.

ತಲೆಗೊಂದು ಟೋಪಿಯಿಟ್ಟು ಲಂಡನ್ನಿನ ಬೀದಿಗಳಲ್ಲಿ ಸೈಕಲ್ಲಿನ ಮೇಲೆ ಕಚೇರಿಗೆ ಹೋಗಿಬರುವುದು, ಮನೆಯಲ್ಲಿ ಪಿಯಾನೊ ನುಡಿಸುವುದು ಅವರ ಅಭ್ಯಾಸ. ಮಗ ಬಾರ್ಥಲೋಮ್ಯೂ ಅಮೆರಿಕದಲ್ಲಿ ವೈನಿನ ವರ್ತಕರಾದರು. 2012ರಲ್ಲಿ ಅಂಕಣ ನಿಂತಿತು. ಅರುವತ್ತು ವರ್ಷ ಜೊತೆಯಾಗಿದ್ದ ಡಾಫ್ನಿ 2015ರಲ್ಲಿ ತೀರಿಕೊಂಡರು. 2020ರ ಮಾರ್ಚ್ 17ರಂದು, 92 ವರ್ಷದ ಪ್ರಾಯದಲ್ಲಿ, ಅವರೂ ಕಣ್ಣು ಮುಚ್ಚಿದರು.

ನನ್ನ ಮಾವನಿಗೆ ಈ ಕಥೆಯನ್ನು ಹೇಳಲು ಅವರೀಗ ಇಲ್ಲ. ಇದ್ದಿದ್ದರೆ, ಒಂದೇ ಅಡಿಕೆಯ ಗೋಣಿಯನ್ನು ತಂದವನು ಅದನ್ನು ಯಾವ ತೋಟದಿಂದ ತಂದೆನೆಂದು ಹೇಳಲೊಪ್ಪದಿದ್ದಾಗಲೇ ತಾವು ಕತ್ತರಿಯನ್ನು ಚೀಲಕ್ಕೆ ಹಾಕಿ ಎದ್ದುಬಿಡುತ್ತಿದ್ದೆವು ಎನ್ನುತ್ತಿದ್ದರೋ ಏನೋ. ಅಥವಾ ಅಷ್ಟು ಸೊಗಸಾದ ಅಡಿಕೆಯನ್ನು ಕಂಡು ಅವರಿಗೂ ಎದ್ದುಹೋಗುವ ಮನಸ್ಸು ಬರುತ್ತಿರಲಿಲ್ಲವೋ. ಜೇನಿನ ರುಚಿ ಹಿಡಿದು ಕಾಡನ್ನು ಗುರುತಿಸುವವರ ಕುರಿತು ವಯನಾಡಿನಿಂದಲೂ ಒಂದು ಕಾಗದ ಬಂದಿದೆ. ಅದನ್ನು ಮುಂದಿನ ತಿಂಗಳಿಗೆ ತೆಗೆದಿರಿಸಿದ್ದೇನೆ.